ಶಾಂತವೇರಿ ಗೋಪಾಲಗೌಡರ ದಾಯವಿಚಾರ

ಲೋಕನಾಯಕರ ಗುಣದೋಷಗಳನ್ನು ನಿರ್ಣಯಿಸುವುದು ಕಾವ್ಯದ ಗುಣದೋಷಗಳನ್ನು ನಿರ್ಣಯಿಸುವುದಕ್ಕಿಂತ ಕಷ್ಟತರವಾದ ಕಾರ್ಯವು. ಕಾವ್ಯವು ಕವಿಯ ಕೈಯನ್ನು ಬಿಟ್ಟ ಮೇಲೆ ಇದ್ದಂತೆಯೇ ಇರುವುದು. ವ್ಯಾಖ್ಯಾನಗಳು ಮಾತ್ರ ಬೆಳೆಯುವುವು. ನಾಯಕನ ಕೃತ್ಯವಾದರೋ ಅವನು ಕಾಲವಾದ ಮೇಲೆಯೂ ಅನ್ಯರ ಕೈಯಲ್ಲಿ ಮಾರ್ಪಡುತ್ತ ಹೋಗುವುದು. ಶಿಷ್ಯರು ಮಾಡಿದ್ದನ್ನು ಅವನ ಲೆಕ್ಕಕ್ಕೆ ಜಮೆ ಹಿಡಿಯುವರು, ಶತ್ರುಗಳು ಮಾಡಿದ್ದನ್ನೂ ಕೆಲವೊಮ್ಮೆ ಹಾಗೆಯೇ ಹಿಡಿಯುವರು. ಇಂಥ ಗೊಂದಲವು ನಮ್ಮ ನಾಡಿನ ಸಮಾಜವಾದಿ ಮುಖಂಡರಾಗಿದ್ದ ಶಾಂತವೇರಿ ಗೋಪಾಲಗೌಡರ ವಿಷಯದಲ್ಲಿ ಎಷ್ಟಿರುವುದೋ ಅಷ್ಟು ಮತ್ತೊಬ್ಬರ ವಿಷಯದಲ್ಲಿ ಇರಲಾರದು. 2023ನೆಯ ಇಸವಿಗೆ ಅವರು ಹುಟ್ಟಿ ನೂರು ವರ್ಷಗಳು ತುಂಬಿದುವು. ಆ ಸಂದರ್ಭದ ಪ್ರಶಂಸೆಯ ಭರವು ಈಗ ಇಳಿದಿರುವುದರಿಂದ, ಅವರು ಬಿಟ್ಟುಹೋದ ದಾಯವೇನು, ಅದರಲ್ಲಿ ಸ್ವಾರ್ಜಿತವೆಷ್ಟು, ಅದರ ಭಾಗಸ್ಥರು ಯಾರು ಎಂಬುದನ್ನು ಶಾಂತಚಿತ್ತದಿಂದ ವಿಚಾರಿಸುವುದು ಅನುಚಿತವಾಗಲಾರದು.

ಈ ವಿಚಾರವನ್ನು ನಾನು ಮಲೆನಾಡಿನಲ್ಲಿ ಕುಳಿತು ಬರೆಯುತ್ತಿಲ್ಲ. ಕೋಲಾರದ ಚಿನ್ನದ ಗಣಿಗಳ ರಾಬರ್ಟ್‌ಸನ್‌ಪೇಟೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಡಕೆಯ ತೋಟವಾಗಲಿ ಗೇಣಿಯ ಗದ್ದೆಯಾಗಲಿ ಇಲ್ಲಿಲ್ಲ. 1880ರಿಂದ ಜಾನ್ ಟೇಲರ್ ಕಂಪನಿಯವರು ನಡೆಸಿ, 1956ರಲ್ಲಿ ಮೈಸೂರು ಸರ್ಕಾರದ ಕೈಗೂ ಅನಂತರ ಕೇಂದ್ರ ಸರ್ಕಾರದ ಕೈಗೂ ಬಂದು, 2001ನೆಯ ಫೆಬ್ರವರಿ 28ರಂದು ಮುಚ್ಚಿಹೋದ ಗಣಿಗಳೂ, ಸಯನೈಡ್ ಮಣ್ಣಿನ ದಿಬ್ಬಗಳೂ, ಆ ದಿಬ್ಬಗಳ ನಡುವೆ ಉಳಿದುಕೊಂಡ ಜನರೂ ಇಲ್ಲಿರುವರು. ಈ ಜನರ ತಾತಮುತ್ತಾತಂದಿರಲ್ಲಿ ಬಹುಮಂದಿ ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಲ್ಲಿ ಅನ್ಯರ ಹೊಲಗಳಲ್ಲಿ ಕೂಲಿಮಾಡಿ ಬೇಸತ್ತು ಭೂಮಿಯ ಒಳಕ್ಕೆ ಇಳಿಯಲು ಬಂದವರು. ಅವರ ಮೊಮ್ಮಕ್ಕಳ ನಡುವೆ ವ್ಯಾಕರಣವನ್ನು ಪಾಠಹೇಳಿಕೊಂಡು ಬಂದಿರುವ ನನಗೆ, ಗೋಪಾಲಗೌಡರ ಹೆಸರಿನೊಡನೆ ಸದಾ ಜೋಡಿಸಲ್ಪಡುವ ‘ಉಳುವವನೇ ಹೊಲದೊಡೆಯ’ ಎಂಬ ಘೋಷವಾಕ್ಯವು ಸಾಗರ ತೀರ್ಥಹಳ್ಳಿಗಳವರಿಗೆ ಕೇಳಿಸುವಂತೆ ಕೇಳಿಸುವುದಿಲ್ಲ. ಆ ವ್ಯತ್ಯಾಸವೇ ಈ ಲೇಖನಕ್ಕೆ ಕಾರಣ.

ಮೊದಲು ಚರಿತಾಂಶವನ್ನು ಸಂಕ್ಷೇಪವಾಗಿ ಹೇಳುವೆನು. ಗೌಡರು 1923ನೆಯ ಮಾರ್ಚಿ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಬಡಕುಟುಂಬವೊಂದರಲ್ಲಿ ಜನಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳುವಳಿಯಲ್ಲಿ ಸೆರೆಮನೆಯನ್ನು ಕಂಡರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ರೈತ ಸತ್ಯಾಗ್ರಹದಲ್ಲಿ ಮುಂದಾಳಾಗಿ ನಿಂತರು. 1952ರಲ್ಲಿ, ಮೂವತ್ತು ತುಂಬುವ ಮೊದಲೇ, ಮೈಸೂರು ಶಾಸನಸಭೆಗೆ ಆರಿಸಿಬಂದರು, 1957ರಲ್ಲಿ ಸೋತರು, 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯಿಂದ ಗೆದ್ದರು. 1972ನೆಯ ಜೂನ್ 9ರಂದು, ಐವತ್ತು ತುಂಬುವುದರೊಳಗೆ, ದೀರ್ಘವಾದ ಅಸ್ವಾಸ್ಥ್ಯದ ಬಳಿಕ ತೀರಿಕೊಂಡರು. ಅಧಿಕಾರದ ಪೀಠದಲ್ಲಿ ಒಂದು ದಿನವೂ ಕುಳಿತವರಲ್ಲ. ಬಾಳೆಲ್ಲವೂ ವಿರೋಧಪಕ್ಷದ ಬೆಂಚಿನಲ್ಲಿಯೇ ಕಳೆಯಿತು.

ಕಾಗೋಡಿನ ವೃತ್ತಾಂತವನ್ನು ತುಸು ವಿಸ್ತರಿಸಬೇಕು. ಏಕೆಂದರೆ ಉಳಿದುದೆಲ್ಲವೂ ಅದರ ಮೇಲೆಯೇ ನಿಂತಿರುವುದು. ಅಲ್ಲಿಯ ಗೇಣಿದಾರರು ಬಹುಪಾಲು ದೀವರ ಮತಸ್ಥರು, ಭೂಮಾಲೀಕರು ಲಿಂಗಾಯತರು, ಗೌಡರಾದರೋ ಒಕ್ಕಲಿಗರು. ಸ್ವಜಾತಿಯ ಪಕ್ಷವಹಿಸಲು ಅವರು ಅಲ್ಲಿಗೆ ಹೋದವರಲ್ಲವೆಂಬುದು ಇದರಿಂದಲೇ ಸ್ಪಷ್ಟ. ಕಲಹಕ್ಕೆ ಬೀಜವಾದುದು ಕೊಳಗ. ಗೇಣಿಯ ಬತ್ತವನ್ನು ಅಳೆದುಕೊಳ್ಳುವಾಗ ಒಡೆಯರು ರೂಢಿಯ ಅಳತೆಯನ್ನು ಮೀರಿದ ದೊಡ್ಡ ಕೊಳಗವನ್ನು ಬಳಸುತ್ತಿದ್ದರೆಂಬುದು ರೈತರ ದೂರು. ಅದರ ಜೊತೆಗೆ ಉಡುಪಿನಲ್ಲಿಯೂ ನಡೆಯಲ್ಲಿಯೂ ನುಡಿಯಲ್ಲಿಯೂ ತಗ್ಗಿ ಇರಬೇಕೆಂಬ ಕಟ್ಟಳೆಗಳು. ಎಚ್. ಗಣಪತಿಯಪ್ಪನವರೇ ಮೊದಲಾದವರು ರೈತಸಂಘವನ್ನು ಕಟ್ಟಿ ಇದನ್ನು ಪ್ರತಿಭಟಿಸಿದರು. ಒಡೆಯರು ಗೇಣಿದಾರರನ್ನು ಗದ್ದೆಗಳಿಂದ ಬಿಡಿಸಲು ಹೊರಟಾಗ, 1951ನೆಯ ಏಪ್ರಿಲ್ ತಿಂಗಳಿನಲ್ಲಿ ರೈತರು ನೇಗಿಲು ಹೂಡಿಕೊಂಡು ಅದೇ ಗದ್ದೆಗಳಿಗೆ ಇಳಿದು ಸೆರೆಯಾಗತೊಡಗಿದರು. ರೈತಸಂಘವು ಮೊದಲು, ಸಮಾಜವಾದಿ ಪಕ್ಷವು ಆಮೇಲೆ. ಈ ಪೌರ್ವಾಪರ್ಯವನ್ನು ಮರೆಯಬಾರದು. ಜೂನ್ ತಿಂಗಳಿನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದಾಗ ಕಾಗೋಡು ಎಂಬ ಹಳ್ಳಿಯ ಹೆಸರು ಭಾರತದಲ್ಲೆಲ್ಲ ಕೇಳಿಸಿತು.

ಈಗ ಪೂರ್ವಪಕ್ಷ. ಗೌಡರನ್ನು ಒಪ್ಪದವರು ಹೇಳುವುದೇನೆಂದರೆ: ಈ ಮನುಷ್ಯನು ಒಂದು ಕಾಯಿದೆಯನ್ನಾದರೂ ಮಾಡಿಸಿದವನಲ್ಲ, ಸತ್ಯಾಗ್ರಹವು ಅಂದಿಗೆ ಜಯವನ್ನು ತರಲಿಲ್ಲ, ಇನಾಮುಗಳನ್ನು 1954ರಲ್ಲಿ ತೆಗೆದುದೂ 1961ರಲ್ಲಿ ಭೂಸುಧಾರಣೆಯ ಶಾಸನವನ್ನು ಮಾಡಿದುದೂ ಕಾಂಗ್ರೆಸಿನವರು, ಕಟ್ಟಕಡೆಗೆ ಗೇಣಿಯನ್ನು ನಿರ್ಮೂಲಮಾಡಿದ 1974ರ ತಿದ್ದುಪಡಿಯು ದೇವರಾಜ ಅರಸರದು. ನಾಡಿಗೆ ಕರ್ನಾಟಕವೆಂಬ ಹೆಸರು ಬೇಕೆಂದು ಗೌಡರು ಕೂಗಿದರು, 1973ನೆಯ ನವೆಂಬರ್ 1ರಂದು ಆ ಹೆಸರನ್ನು ಇಟ್ಟವರು ಅದೇ ಅರಸರು. ಬೇರೊಬ್ಬರು ಅಟ್ಟುದನ್ನು ಇವರ ಎಲೆಗೆ ಬಡಿಸುವುದೇಕೆ?

ಈ ಆಕ್ಷೇಪವು ಬಲವುಳ್ಳದ್ದು. ಭಕ್ತರು ಇದಕ್ಕೆ ಕೊಡುವ ಉತ್ತರವು, ಎಂದರೆ ಎಲ್ಲವೂ ಗೌಡರ ಪ್ರೇರಣೆಯಿಂದಲೇ ಆಯಿತೆಂಬುದು, ಉತ್ತರವೇ ಅಲ್ಲ. ಅರಸರು ಮುಖ್ಯಮಂತ್ರಿಗಳಾದುದು 1972ನೆಯ ಮಾರ್ಚಿಯಲ್ಲಿ. ಗೌಡರು ತೀರಿಕೊಂಡುದು ಜೂನಿನಲ್ಲಿ. ಅರಸರ ಸ್ವಂತ ರಾಜಕೀಯ ಬುದ್ಧಿಯನ್ನೂ, ಹಿಂದುಳಿದ ವರ್ಗಗಳನ್ನು ಒಗ್ಗೂಡಿಸಬೇಕೆಂಬ ಅವರ ಲೆಕ್ಕಾಚಾರವನ್ನೂ ಅಳಿಸಿಹಾಕಿ ಎಲ್ಲವನ್ನೂ ಗೌಡರಿಗೆ ಅರ್ಪಿಸುವುದು ಚರಿತ್ರೆಗೆ ಮಾಡುವ ಅಪಚಾರವು. ಆದರೆ ಕಾರ್ಯವೊಂದು ಮುಗಿದು ಬಹುಕಾಲದ ಮೇಲೆ ಫಲವು ತೋರಿದಾಗ ಅವೆರಡಕ್ಕೂ ಸಂಬಂಧವೇ ಇಲ್ಲವೆನ್ನುವುದೂ ಸಾಧುವಲ್ಲ. ಯಾಗವು ಇಂದು ಮುಗಿಯುವುದು, ಸ್ವರ್ಗವು ಎಂದೋ ದೊರೆಯುವುದು. ನಡುವೆ ಏನು ಇರುವುದೆಂಬ ಪ್ರಶ್ನೆಗೆ ಮೀಮಾಂಸಕರು ಅಪೂರ್ವವೆಂಬ ಕಾಣದ ಶಕ್ತಿಯನ್ನು ಒಪ್ಪಿದರು. ಲೌಕಿಕ ವಿಷಯದಲ್ಲಿ ಅಂಥ ಅದೃಷ್ಟವನ್ನು ಕಲ್ಪಿಸಬೇಕಾದ ಅವಶ್ಯಕತೆಯಿಲ್ಲ. ಕಣ್ಣಿಗೆ ಕಾಣುವ ಕೊಂಡಿಯೇ ಇರುವುದು. 1951ಕ್ಕೆ ಮುಂಚೆ ಗೇಣಿದಾರನು ಒಡೆಯನ ಅಂಗಳದಲ್ಲಿ ಬೇಡುತ್ತಿದ್ದನು. ಆಮೇಲೆ ಹಕ್ಕನ್ನು ಕೇಳತೊಡಗಿದನು. 1974ರ ಶಾಸನದ ಮೇರೆಗೆ ತಾನು ಗೇಣಿದಾರನೆಂದು ಭೂನ್ಯಾಯಮಂಡಲಿಯ ಮುಂದೆ ಅರ್ಜಿಕೊಟ್ಟು ಒಡೆಯನ ಎದುರಿಗೇ ಸಾಕ್ಷ್ಯ ನುಡಿಯಬೇಕಾಗಿತ್ತು. ನಾಡಿನಲ್ಲೆಲ್ಲ 8 ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದುವು. ಶಾಸನವು ಅರ್ಜಿಯ ನಮೂನೆಯನ್ನು ಮಾತ್ರ ಒದಗಿಸಬಲ್ಲದು, ಒಡೆಯನ ಮುಂದೆ ನಿಂತು ಮಾತನಾಡುವ ನಾಲಗೆಯನ್ನು ಒದಗಿಸಲಾರದು. ಆ ನಾಲಗೆಯು ಮಲೆನಾಡಿನಲ್ಲಿ ತಿದ್ದಿಕೊಂಡದ್ದು ಕಾಗೋಡಿನ ಗದ್ದೆಗಳಲ್ಲಿ.

ಹಾಗಾದರೆ ಆ ಕರ್ಮಕ್ಕೆ ಯಜಮಾನರಾರು? ಶಾಸ್ತ್ರದಲ್ಲಿ ಫಲವು ಯಜಮಾನನಿಗೆ; ಋತ್ವಿಜನಿಗೆ ದಕ್ಷಿಣೆಯಷ್ಟೆ. ಮಂತ್ರವನ್ನು ಎತ್ತರದ ದನಿಯಲ್ಲಿ ಹೇಳುವವನು ಋತ್ವಿಜನಾದ್ದರಿಂದ ನೋಡುವವರ ಕಣ್ಣಿಗೆ ಅವನೇ ಪ್ರಧಾನನಾಗಿ ತೋರುವನು. ದ್ರವ್ಯತ್ಯಾಗವನ್ನು ಮಾಡುವವನು ಮಾತ್ರ ಸುಮ್ಮನೆ ಕುಳಿತಿರುವನು. ಕಾಗೋಡಿನಲ್ಲಿ ಗದ್ದೆಯನ್ನು ಕಳೆದುಕೊಳ್ಳುವ ಅಪಾಯಕ್ಕೆ ಒಡ್ಡಿಕೊಂಡವರೂ ಹೆಂಡಿರುಮಕ್ಕಳನ್ನು ಉಪವಾಸಕ್ಕೆ ಬಿಟ್ಟು ಸೆರೆಗೆ ಹೋದವರೂ ದೀವರ ಒಕ್ಕಲುಗಳು. ಗೌಡರು ಋತ್ವಿಜರು, ಅದೂ ದಕ್ಷಿಣೆಯನ್ನು ಒಲ್ಲದ ಋತ್ವಿಜರು. ಮತದ ಜೊತೆಯಲ್ಲಿ ಒಂದು ರೂಪಾಯಿಯನ್ನೂ ಮತದಾರರಿಂದಲೇ ಬೇಡಿ ಚುನಾವಣೆಗೆ ನಿಂತು, ಇಪ್ಪತ್ತು ವರ್ಷ ಸಾರ್ವಜನಿಕ ಜೀವನವನ್ನು ನಡೆಸಿಯೂ ಬಡವರಾಗಿಯೇ ತೀರಿಕೊಂಡರೆಂಬುದರಲ್ಲಿ ಅವರ ಶತ್ರುಗಳಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಇಂದಿನ ಸ್ಮರಣೆಯಲ್ಲಿ ಬಡಾವಣೆಗೂ ಕ್ರೀಡಾಂಗಣಕ್ಕೂ ಋತ್ವಿಜರ ಹೆಸರಿರುವುದು. ಯಜಮಾನರ ಹೆಸರುಗಳನ್ನು ಹೇಳಬಲ್ಲವರು ಎಷ್ಟು ಮಂದಿ?

ನಮ್ಮೂರಿನ ಪದ್ಧತಿಯು ಇದಕ್ಕೆ ವಿಪರೀತವಾದುದು. 1946ನೆಯ ನವೆಂಬರ್ 4ರಂದು ಇಲ್ಲಿಯ ಗಣಿಕಾರ್ಮಿಕರ ಮೇಲೆ ಪೊಲೀಸರು ಗುಂಡುಹಾರಿಸಿ ಆರು ಮಂದಿ ಮಡಿದರು. ಆಗಿನ ಸಂಘಟನೆಯಲ್ಲಿ ಕೆ. ಎಸ್. ವಾಸನ್ ಮೊದಲಾದ ಕಮ್ಯೂನಿಸ್ಟ್ ನಾಯಕರು ಪ್ರಮುಖರಾಗಿದ್ದರು. ಅವರನ್ನು ಕುರಿತೂ ಇಲ್ಲಿ ಒಮ್ಮತವಿರಲಿಲ್ಲ. ಅಂಬೇಡ್ಕರರ ಮಾರ್ಗವನ್ನು ಹಿಡಿದ ಸಿ. ಎಂ. ಆರ್ಮುಗಂ ಅವರ ರಿಪಬ್ಲಿಕನ್ ಪಕ್ಷಕ್ಕೂ ಕೆಂಬಾವುಟದವರಿಗೂ ಈ ಊರಿನಲ್ಲಿ ಬಹುಕಾಲ ಪೈಪೋಟಿ ನಡೆಯಿತು. ಆದರೂ ನವೆಂಬರ್ 4ರ ದಿನವು ನಾಯಕರದಲ್ಲ, ಮಡಿದ ಆ ಆರು ಮಂದಿಯದು. ನಾಯಕರನ್ನು ಕುರಿತು ಜಗಳವಾಡುವವರೂ ಆ ದಿನವನ್ನು ಕುರಿತು ಜಗಳವಾಡುವುದಿಲ್ಲ. ಸ್ಮರಣೆಯ ಈ ಎರಡು ರೀತಿಗಳಲ್ಲಿ ಯಾವುದು ಶಾಸ್ತ್ರಸಮ್ಮತವೆಂದು ಕೇಳಿದರೆ ನಾನು ಗಣಿಯವರ ಕಡೆಗೇ ಬೆರಳು ತೋರಿಸುವೆನು.

ಇನ್ನು ಘೋಷವಾಕ್ಯದ ಅರ್ಥವಿಚಾರ. ‘ಉಳುವವನು’ ಎಂದರೆ ಯಾರು? ಪ್ರಶ್ನೆಯು ಬಾಲಿಶವಾಗಿ ತೋರಬಹುದು. ಆದರೆ ಲಕ್ಷಾಂತರ ಜನರ ಅನ್ನವು ಈ ಒಂದು ಕೃದಂತದ ಮೇಲೆ ನಿಂತಿದ್ದಿತು. ಒಮ್ಮೆ ತರಗತಿಯಲ್ಲಿ ಕರ್ತೃಕಾರಕವನ್ನು ವಿವರಿಸುತ್ತಿದ್ದಾಗ ಗಣಿಕಾರ್ಮಿಕರ ಮನೆಯ ಹುಡುಗನೊಬ್ಬನು ಎದ್ದುನಿಂತು, “ಸಾರ್, ಗಣಿ ತೋಡಿದವರು ಟೇಲರ್ ದೊರೆಗಳಾ, ನಮ್ಮ ತಾತನಾ?” ಎಂದು ಕೇಳಿದನು. ನಾನು ಆ ಹೊತ್ತಿಗೆ ನಕ್ಕು ಪಾಠವನ್ನು ಮುಂದುವರಿಸಿದೆನು. ಆ ನಗೆಗಾಗಿ ಈಗಲೂ ನಾಚುತ್ತೇನೆ; ಏಕೆಂದರೆ ಅದು ಮಹಾಭಾಷ್ಯದಲ್ಲಿಯೇ ಎತ್ತಲ್ಪಟ್ಟ ಪ್ರಶ್ನೆ.

ಸ್ವತಂತ್ರನಾದವನು ಕರ್ತೃ, ಅವನನ್ನು ಪ್ರೇರಿಸುವವನು ಹೇತು, ಅವನಿಗೂ ಕರ್ತೃವೆಂಬ ಸಂಜ್ಞೆಯುಂಟು ಎಂಬುದು ಪಾಣಿನಿಯ ವ್ಯವಸ್ಥೆ. ಪ್ರೇರಣಾರ್ಥಕ ಪ್ರತ್ಯಯವನ್ನು ವಿಚಾರಿಸುವ ಪ್ರಕರಣದಲ್ಲಿ ಪತಂಜಲಿಗಳು ಒಂದು ಶಂಕೆಯನ್ನು ಎತ್ತುವರು. ಒಂದೆಡೆ ಮೌನವಾಗಿ ಕುಳಿತಿರುವ ಗೃಹಸ್ಥನನ್ನು ಕುರಿತು, ಇವನು ಐದು ನೇಗಿಲುಗಳಿಂದ ಉಳುತ್ತಾನೆಂದು ಲೋಕವು ಹೇಳುವುದು. ಉಳುವವರು ಆಳುಗಳಾದ ಕಾರಣ ಉಳುಮೆ ಮಾಡಿಸುತ್ತಾನೆಂದಲ್ಲವೇ ಹೇಳಬೇಕು? ಇದಕ್ಕೆ ಅವರು ಕೊಡುವ ಸಮಾಧಾನವು ಸ್ವಾರಸ್ಯವಾದುದು: ಉಳುಮೆಯೆಂಬ ಧಾತುವಿಗೆ ನೆಲವನ್ನು ಸೀಳುವುದೊಂದೇ ಅರ್ಥವಲ್ಲ, ಅನ್ನ, ಬೀಜ, ಎತ್ತು ಇವುಗಳನ್ನು ಒದಗಿಸಿ ಏರ್ಪಾಡು ಮಾಡುವುದೂ ಅದರ ಅರ್ಥವೇ, ಆದಕಾರಣ ಕುಳಿತವನೂ ಉಳುವವನೇ ಆಗುವನು.

ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಈ ಸಮಾಧಾನವನ್ನು ಕಾಗೋಡಿಗೆ ಅನ್ವಯಿಸಿ ನೋಡಬಹುದು. ಅಲ್ಲಿಯ ಒಡೆಯರು ಬೀಜವನ್ನು ಕೊಟ್ಟವರಲ್ಲ, ಎತ್ತನ್ನು ಕಟ್ಟಿದವರಲ್ಲ, ಕೊಯಿಲಾದ ಮೇಲೆ ಕೊಳಗವನ್ನು ಹಿಡಿದು ಬಂದವರು. ಭಾಷ್ಯಕಾರರ ಅತಿವಿಶಾಲವಾದ ಅರ್ಥದಲ್ಲಿಯೂ ಅವರು ಉಳುವವರಾಗಲಾರರು. ಗೇಣಿದಾರನಾದರೋ ಸೀಳುವವನೂ ಹೌದು, ಒದಗಿಸುವವನೂ ಹೌದು. ಈ ನ್ಯಾಯವನ್ನು ನಾಡಿನ ಕಣ್ಣಮುಂದೆ ನಿಲ್ಲಿಸಿ, ಶಾಸನಸಭೆಯಲ್ಲಿ ಕನ್ನಡದಲ್ಲಿ ಮತ್ತೆ ಮತ್ತೆ ಸಾರಿದುದೇ ಗೌಡರ ಸ್ವಾರ್ಜಿತ ದಾಯವೆಂದು ನನ್ನ ಮತಿಗೆ ತೋಚುವುದು. ಇದು ಅರಸರದಲ್ಲ, ಲೋಹಿಯಾ ಅವರದೂ ಅಲ್ಲ.

ಆದರೆ ಗೇಣಿದಾರನ ಗದ್ದೆಯಲ್ಲಿಯೂ ಒಬ್ಬ ಕೂಲಿಯವನಿದ್ದನು. ನಾಟಿಯ ಕಾಲಕ್ಕೆ ಬಾಗಿದ ಬೆನ್ನು ಎಲ್ಲವೂ ಗೇಣಿದಾರನ ಮನೆಯದಾಗಿರಲಿಲ್ಲ. ಭೂಸುಧಾರಣೆಯ ಶಾಸನದಲ್ಲಿ ‘ಸ್ವಂತ ಸಾಗುವಳಿ’ ಎಂಬುದಕ್ಕೆ ಕೊಟ್ಟಿರುವ ಅರ್ಥವನ್ನು ಓದಿದರೆ ಭಾಷ್ಯಕಾರರ ಸಮಾಧಾನವೇ ಕಾಯಿದೆಯ ಉಡುಪನ್ನು ಉಟ್ಟು ಬಂದಂತೆ ತೋರುವುದು: ತಾನೇ ದುಡಿದರೂ ಸರಿ, ತನ್ನ ಮೇಲ್ವಿಚಾರಣೆಯಲ್ಲಿ ಕೂಲಿಯವರಿಂದ ದುಡಿಸಿದರೂ ಸರಿ, ಅದು ಸ್ವಂತ ಸಾಗುವಳಿಯೇ. ಈ ಅರ್ಥದಿಂದ ಗೇಣಿದಾರನು ಒಡೆಯನಾದನು. ಕೂಲಿಯವನು ಕೂಲಿಯವನಾಗಿಯೇ ಉಳಿದನು. ಅವನಿಗೆ ಆ ಶಾಸನದಲ್ಲಿ ದೊರೆತುದು ಬಹುವಾದರೆ ಗುಡಿಸಲು ನಿಂತಿದ್ದ ನೆಲದ ಹಕ್ಕು. ಅವನು ಬಹುಮಟ್ಟಿಗೆ ದಲಿತನು. ಸರ್ಕಾರದಿಂದ ಮಂಜೂರಾದ ತುಂಡುನೆಲವೂ ಅವನ ಕೈತಪ್ಪಿಹೋಗುತ್ತಿದ್ದುದರಿಂದ ಅದನ್ನು ತಡೆಯಲು 1978ರಲ್ಲಿ ಬೇರೆಯ ಕಾಯಿದೆಯನ್ನೇ ಮಾಡಬೇಕಾಯಿತು. ಹೊಲವನ್ನು ಸೀಳುವವನು ತಾನು, ಒಡೆತನ ಮತ್ತೊಬ್ಬನದು ಎಂದು ಸಾಕಾಗಿ ಗಣಿಗೆ ಬಂದವರ ಊರಿನಲ್ಲಿ ಕುಳಿತು ಈ ಘೋಷವಾಕ್ಯವನ್ನು ಕೇಳಿದಾಗ ನನಗೆ ಅದರ ಉತ್ತರಾರ್ಧವು ಇನ್ನೂ ಬಂದಿಲ್ಲವೆನಿಸುವುದು ಇದರಿಂದಲೇ.

ಗೌಡರು ಕೂಲಿಯವರನ್ನು ಮರೆತರೆಂದು ನಾನು ಹೇಳುತ್ತಿಲ್ಲ. ಜಾತಿವ್ಯವಸ್ಥೆಯನ್ನು ಅವರಷ್ಟು ಕಟುವಾಗಿ ಖಂಡಿಸಿದ ಮಲೆನಾಡಿನ ರಾಜಕಾರಣಿಗಳು ವಿರಳ. ನಾನು ಹೇಳುವುದು ಚಳುವಳಿಯ ಬೇಡಿಕೆಯನ್ನು ಕುರಿತು. ಅದು ಗೇಣಿದಾರನ ಬೇಡಿಕೆಯಾಗಿದ್ದಿತು, ಕೂಲಿಯವನದಾಗಿರಲಿಲ್ಲ. 1951ರಲ್ಲಿ ಹಾಗಿದ್ದುದು ದೋಷವಲ್ಲ. ಒಂದು ಹೋರಾಟವು ಎಲ್ಲ ಹೊರೆಯನ್ನೂ ಹೊರಲಾರದು. ಆದರೆ 1974ರ ಬಳಿಕ, ಭೂಮಿಯನ್ನು ಪಡೆದ ಒಕ್ಕಲುಗಳು ಕ್ರಮೇಣ ತೋಟದೊಡೆಯರಾದ ಮೇಲೆ, ಅದೇ ವಾಕ್ಯವನ್ನು ಕೃತಾರ್ಥತೆಯ ಮುದ್ರೆಯಂತೆ ಹೇಳುತ್ತ ಬಂದುದು ದೋಷವು. ಅದು ಗೌಡರದಲ್ಲ, ದಾಯಾದರದು. ಈಗಲಂತೂ, 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಹೊಲವನ್ನು ಕೊಳ್ಳಬಹುದಾಗಿರುವಾಗ, ಅನ್ನ ಬೀಜ ಎತ್ತುಗಳನ್ನು ಒದಗಿಸುವ ಶ್ರಮವೂ ಒಡೆತನಕ್ಕೆ ಬೇಕಾಗಿಲ್ಲ. ಭಾಷ್ಯಕಾರರ ಸಮಾಧಾನವೂ ನಿಷ್ಪ್ರಯೋಜಕವಾಯಿತು.

ದಾಯಾದರ ಮಾತು ಬಂದುದರಿಂದ ಒಂದೆರಡು ವಾಕ್ಯ. ಅವರ ಒಡನಾಡಿಗಳಲ್ಲಿ ಎಸ್. ಬಂಗಾರಪ್ಪನವರೂ ಜೆ. ಎಚ್. ಪಟೇಲರೂ 1990ರ ದಶಕದಲ್ಲಿ ಮುಖ್ಯಮಂತ್ರಿಗಳಾದರು. ಕಾಗೋಡು ತಿಮ್ಮಪ್ಪನವರು ಕಾಂಗ್ರೆಸಿನಲ್ಲಿ ಮಂತ್ರಿಗಳೂ ಸಭಾಧ್ಯಕ್ಷರೂ ಆದರು. ಇದನ್ನು ಕೆಲವರು ದ್ರೋಹವೆಂದೂ ಕೆಲವರು ವಿಜಯವೆಂದೂ ವರ್ಣಿಸುವರು. ಶಿಷ್ಯರ ಪದವಿಯಿಂದ ಗುರುವಿನ ಮೌಲ್ಯವನ್ನು ಕಟ್ಟುವುದು ವ್ಯರ್ಥವಾದ ಕೆಲಸ, ಮುಂದೆ ಹೋಗೋಣ.

ಪಕ್ಷವನ್ನು ಒಡೆದರೆಂಬ ದೂರಿಗೆ ಮಾತ್ರ ನಾನು ಗೌಡರ ಪಕ್ಷದಲ್ಲಿ ನಿಲ್ಲಲಾರೆ. 1955ರಲ್ಲಿ ಪ್ರಜಾ ಸಮಾಜವಾದಿ ಪಕ್ಷದಿಂದ ಲೋಹಿಯಾ ಅವರು ಹೊರಬಿದ್ದಾಗ ಗೌಡರು ಅವರನ್ನು ಅನುಸರಿಸಿದರು. ತತ್ತ್ವನಿಷ್ಠೆಯೆಂದು ಇದನ್ನು ಹೊಗಳಬಹುದು. ಪರಿಣಾಮವೇನಾಯಿತು? 1967ರ ಚುನಾವಣೆಯಲ್ಲಿ 216 ಸ್ಥಾನಗಳ ಮೈಸೂರು ಶಾಸನಸಭೆಗೆ ಪ್ರಜಾ ಸಮಾಜವಾದಿಗಳು 20 ಮಂದಿಯೂ ಗೌಡರ ಸಂಯುಕ್ತ ಸಮಾಜವಾದಿಗಳು 6 ಮಂದಿಯೂ ಆರಿಸಿಬಂದರು. ಒಂದೇ ತತ್ತ್ವವನ್ನು ಹೇಳುವ 26 ಮಂದಿ ಎರಡು ಬೆಂಚುಗಳಲ್ಲಿ ಕುಳಿತು, ಆಳುವ ಪಕ್ಷಕ್ಕಿಂತ ಹೆಚ್ಚಾಗಿ ಪರಸ್ಪರ ಸಂಶಯಪಟ್ಟರು. ಸಂಪ್ರದಾಯದ ಒಳಗಣ ಕಲಹವು ಎಷ್ಟು ವಿಷವಾಗಬಲ್ಲುದೆಂಬುದನ್ನು ಪಾಠಶಾಲೆಗಳಲ್ಲಿ ಬೆಳೆದ ನಾನು ಬಲ್ಲೆನು. ಶಾಖಾಭೇದದ ಜಗಳದಲ್ಲಿ ಶಾಸ್ತ್ರವೇ ಮರೆತುಹೋಗುವುದು. ಗೌಡರ ವಾಗ್ಮಿತೆಯು ಒಡೆದ ಪಕ್ಷದ ಕೊರತೆಯನ್ನು ಮರೆಸಿತೇ ಹೊರತು ತುಂಬಲಿಲ್ಲ.

ಭಾಷೆಯ ವಿಷಯ. ಆಡಳಿತವು ಜನರ ನುಡಿಯಲ್ಲಿ ನಡೆಯಬೇಕೆಂಬುದು ಲೋಹಿಯಾ ಅವರ ಮತ. ಗೌಡರು ಅದನ್ನು ಕನ್ನಡಕ್ಕಾಗಿ ಎತ್ತಿಹಿಡಿದರು. ಇಂಗ್ಲಿಷಿನಲ್ಲಿ ಬಾರದ ರೈತನ ಮಾತು ಶಾಸನಸಭೆಯೊಳಕ್ಕೆ ಬರಲು ಇದು ಬಾಗಿಲಾಯಿತು. ಕನ್ನಡದ ಅಧ್ಯಾಪಕನಾದ ನಾನು ಇದನ್ನು ಕೃತಜ್ಞತೆಯಿಂದ ನೆನೆಯುವೆನು. ಆದರೂ ಜನರ ನುಡಿಯೆಂಬ ಅದೇ ತತ್ತ್ವವು ತಮಿಳನ್ನಾಡುವ ಗಣಿಯ ಸಾಲುಮನೆಗಳಿಗೆ ಬಂದಾಗ ಏನೆನ್ನಬೇಕೆಂಬುದಕ್ಕೆ ಸಮಾಜವಾದಿಗಳ ಬಳಿ ಸಿದ್ಧವಾದ ಉತ್ತರವಿರಲಿಲ್ಲ. ನನ್ನ ಬಳಿಯೂ ಇಲ್ಲ.

ಕಡೆಯದಾಗಿ ಪ್ರಮಾಣವಿಚಾರ. ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ (1978) ಎಂಬ ಕಾದಂಬರಿಯ ಕೃಷ್ಣಪ್ಪಗೌಡನಿಗೆ ಮಾದರಿ ಗೋಪಾಲಗೌಡರೇ ಎಂಬುದು ಸರ್ವವಿದಿತ. 1987ರಲ್ಲಿ ಅದು ಚಲನಚಿತ್ರವೂ ಆಯಿತು. ಇಂದಿನ ಎಳೆಯ ವಾಚಕರು ಗೌಡರನ್ನು ಅರಿಯುವುದು ಬಹುಶಃ ಅದರ ಮೂಲಕವೇ. ಹಾಸಿಗೆ ಹಿಡಿದ ನಾಯಕನ ಮುಂದೆ ಮುಖ್ಯಮಂತ್ರಿಯ ಪದವಿಯು ಬಂದು ನಿಲ್ಲುವುದು ಕಾದಂಬರಿಕಾರರ ಕಲ್ಪನೆ. ಅದು ಕಾವ್ಯಕ್ಕೆ ಬೇಕಾದ ಸಂಕಟ. ಆದರೆ ಗೌಡರ ಜೀವನದ ಸಂಕಟವು ಅದಲ್ಲ. ಪದವಿಯು ಅವರ ಹತ್ತಿರಕ್ಕೂ ಸುಳಿಯದಿದ್ದುದು, 6 ಮಂದಿಯ ಮುಂದಾಳಾಗಿ 216 ಮಂದಿಯ ಸಭೆಯಲ್ಲಿ ಕೂಗಬೇಕಾದುದು ಅವರ ಸಂಕಟ. ಹಾಗೆಯೇ ಅವರ ತ್ಯಾಗ, ಕೋಪ, ಔದಾರ್ಯಗಳ ಮೇಲೆ ಬಾಯಿಂದ ಬಾಯಿಗೆ ಹರಡಿರುವ ನೂರಾರು ಪ್ರಸಂಗಗಳು. ಇವೆಲ್ಲವೂ ಅರ್ಥವಾದಗಳು. ಅರ್ಥವಾದವು ಸುಳ್ಳೆಂದು ಮೀಮಾಂಸಕರು ಹೇಳಲಿಲ್ಲ. ವಿಧಿಯೊಡನೆ ಸೇರಿದಾಗ ಅದಕ್ಕೆ ಪ್ರಾಮಾಣ್ಯ, ತಾನೇ ಸ್ವತಂತ್ರವಾಗಿ ನಿಂತಾಗ ಇಲ್ಲವೆಂದರು. ಗೌಡರ ವಿಷಯದಲ್ಲಿ ವಿಧಿಸ್ಥಾನದಲ್ಲಿರುವುವು ಎರಡು: ಶಾಸನಸಭೆಯ ನಡವಳಿಗಳಲ್ಲಿ ಅಚ್ಚಾಗಿರುವ ಅವರ ಮಾತುಗಳು, ಮತ್ತು 1951ರ ಕಾಗೋಡಿನ ದಾಖಲೆಗಳು. ಮೊದಲನೆಯದನ್ನು ಕುಳಿತು ಓದುವ ತಾಳ್ಮೆಯಿರುವವರು ಕಡಿಮೆ. ಪ್ರಸಂಗಗಳನ್ನು ಹೇಳುವವರು ಬಹಳ.

ಎರಡನೆಯದನ್ನು ಕುರಿತು ಈ ಪತ್ರಿಕೆಯ ಸಂಶೋಧಕರಲ್ಲಿ ಒಂದು ವಿಜ್ಞಾಪನೆ. 1951ರಲ್ಲಿ ಗದ್ದೆಗೆ ಇಳಿದು ಸೆರೆಯಾದವರ ಹೆಸರುಗಳನ್ನು ನ್ಯಾಯಾಲಯದ ಮತ್ತು ಸೆರೆಮನೆಯ ದಾಖಲೆಗಳಿಂದ ಕಲೆಹಾಕಿ, ಊರು, ಕುಲ, ಗೇಣಿಯ ವಿವರಗಳೊಡನೆ ಪ್ರಕಟಿಸುವ ಕಾರ್ಯವು ಆಗಬೇಕು. ಪ್ರತಿಯೊಬ್ಬನ ಮುಂದೆಯೂ ಇನ್ನೊಂದು ಅಂಕಣವಿರಲಿ: ಆ ವರ್ಷ ಅವನ ಗದ್ದೆಯಲ್ಲಿ ಕೂಲಿಗೆ ಬಂದಿದ್ದವರು ಯಾರು, ಅವರ ಮಕ್ಕಳಿಗೆ 1974ರ ಬಳಿಕ ದೊರೆತ ಭೂಮಿ ಎಷ್ಟು ಗುಂಟೆ. ಈ ಎರಡನೆಯ ಅಂಕಣವನ್ನು ತುಂಬಲು ಯಾವ ಕಚೇರಿಯ ದಾಖಲೆಯೂ ಸಾಲದು. ಊರೂರಿಗೆ ಹೋಗಿ ಮುದುಕರನ್ನು ಕೇಳಬೇಕು. ಅಂದು ಹತ್ತು ವರ್ಷದ ಹುಡುಗರಾಗಿದ್ದವರಿಗೆ ಈಗ ಎಂಬತ್ತು ದಾಟಿರುವುದು.